ಕೊನೆಯ ಕಪ್ಪು ಬಾಣಲೆಗೆ

ಅಡುಗೆಮನೆಯ ಮೇಜು,
ಮಾರ್ಚ್ ೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಕರೆಂಟಮ್ಮಾ,

ಹೇಗಿದ್ದೀಯಮ್ಮ? ಹೊಟ್ಟೆ ತೊಳಸುವುದು ನಿಂತಿತೇ? ಹಡಗು ಹೊಯ್ದಾಡುವ ದಿನ ಖಾಲಿ ಹೊಟ್ಟೆಯಲ್ಲಿ ಇರಬೇಡ, ಒಣ ಬಿಸ್ಕತ್ತಾದರೂ ಕಚ್ಚುತ್ತಿರು. ಹಡಗಿನ ಕರೆಂಟು ರಿಪೇರಿ ಮುಗಿಸಿ ಇಂಜಿನ್ ಕೋಣೆಯ ಸೆಕೆಯಿಂದ ಮೇಲೆ ಬಂದ ತಕ್ಷಣ ತಣ್ಣೀರು ಗಟಗಟ ಕುಡಿಯಬೇಡ. ಮೊಣಕೈಯ ಸುಟ್ಟ ಗಾಯ ಒಣಗಿತು ಎಂದು ಬರೆದಿದ್ದೀಯ ಸರಿ, ಹಕ್ಕಳೆ ತಾನಾಗಿ ಉದುರಿತೋ ನೀನೇ ಕಿತ್ತೆಯೋ ಎಂದು ಬರೆದಿಲ್ಲ. ನಿವೃತ್ತನಾದರೂ ನಾನು ವಾರ್ಡಿನ ನರ್ಸೇ, ನನ್ನ ಹತ್ತಿರ ಅರ್ಧ ವರದಿ ನಡೆಯುವುದಿಲ್ಲ. ಮುಂದಿನ ಪತ್ರದಲ್ಲಿ ಸರಿಯಾಗಿ ಬರೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮೆಟ್ಟಿಲು ಕಂಡಾಗ ಮಾತ್ರ ನೋಯುತ್ತದೆ, ಮೆಟ್ಟಿಲಿಲ್ಲದ ಕಡೆ ಅದಕ್ಕೆ ಯಾವ ತಕರಾರೂ ಇಲ್ಲ.

ಆಪರೇಷನ್ನಿನ ಸುದ್ದಿಯನ್ನು ನಿನ್ನ ಗಂಡ ಫೋನಿನಲ್ಲಿ ಹೇಗೆ ಹೇಳಿದ ಎಂಬುದನ್ನು ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. 'ಆಯ್ತು, ಅಮ್ಮ ಚೆನ್ನಾಗಿದ್ದಾರೆ, ಕಾರು ಸ್ವಲ್ಪ ತೊಂದರೆ ಕೊಡ್ತು.' ಇಷ್ಟೇ. ನನ್ನ ಮಗ ರೈಲು ಓಡಿಸುವವನು, ಯಾವ ಸ್ಟೇಷನ್ ದಾಟಿತು ಎಂದು ಹೇಳುತ್ತಾನೆಯೇ ಹೊರತು ದಾರಿಯಲ್ಲಿ ಏನು ಕಂಡಿತು ಎಂದು ಹೇಳುವವನಲ್ಲ. ಸಾವಿರಾರು ಜನರನ್ನು ಕೂರಿಸಿಕೊಂಡು ಹೋಗುವ ಭೂಪ ಕಾರಿನ ಸ್ಟೇರಿಂಗ್ ಹಿಡಿದರೆ ಬೆವರುತ್ತಾನೆ. ಹಳಿ ಇಲ್ಲದ ಕಡೆ ಅವನ ಧೈರ್ಯ ಕೆಲಸ ಮಾಡುವುದಿಲ್ಲ. ನಿನಗೆ ಸಿಗ್ನಲ್ ಸಿಗುವುದೇ ಅಪರೂಪ, ಸಿಕ್ಕ ನಾಲ್ಕು ನಿಮಿಷದಲ್ಲಿ ಗಂಡ ಹೆಂಡತಿಯ ನಡುವೆ ಮಾವ ಬಾಯಿ ಹಾಕಬಾರದು ಎಂದು ನಾನು ಸುಮ್ಮನಿದ್ದೆ. ಆದರೆ ನಡೆದದ್ದನ್ನು ನೀನು ಪೂರ್ತಿ ತಿಳಿಯಲೇಬೇಕು. ಆ ದಿನ ನೀನು ಸಮುದ್ರದ ಮಧ್ಯದಲ್ಲಿದ್ದುಕೊಂಡೇ ನಮ್ಮ ಅಂಗಳದಲ್ಲಿ ಕೆಲಸ ಮಾಡಿದ್ದೀಯ. ಅದಕ್ಕೇ ಈ ಪತ್ರ. ಉದ್ದವಾದರೆ ಕ್ಷಮಿಸು, ನಿನಗೂ ಹಡಗಿನಲ್ಲಿ ಓದಲು ಬೇರೇನಿದೆ.

ನೀನು ಈ ಮನೆಗೆ ಸೊಸೆಯಾಗಿ ಬರುವಷ್ಟರಲ್ಲಿ ನಿನ್ನ ಅತ್ತೆಯ ಎರಡೂ ಕಣ್ಣು ಮಬ್ಬಾಗಿ ಹೋಗಿದ್ದವು. ಬೆಳಕು ಗೊತ್ತಾಗುತ್ತಿತ್ತು, ಯಾರೋ ಮುಂದೆ ನಿಂತಿದ್ದಾರೆ ಎಂದು ಗೊತ್ತಾಗುತ್ತಿತ್ತು, ಅಷ್ಟೇ. ಊರಿನ ಅರ್ಧ ಮಕ್ಕಳಿಗೆ ಶಾಲೆಯ ಸಮವಸ್ತ್ರ ಹೊಲಿದ ಹೆಂಗಸು ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿ ಕಿಟಕಿಯ ಪಕ್ಕ ಕೂತುಬಿಟ್ಟಿದ್ದಳು. ನಿನ್ನ ಮುಖವನ್ನು ಅವಳು ಬೆರಳಿನಿಂದ ಮುಟ್ಟಿ ನೋಡಿದ್ದಳೇ ಹೊರತು ಕಣ್ಣಿನಿಂದ ಕಂಡಿರಲಿಲ್ಲ. ಕಣ್ಣಿನ ಮುಂಭಾಗದ ಗಾಜಿನಂಥ ಪದರವೇ ಮಬ್ಬಾಗಿದೆ, ತೀರಿಹೋದವರೊಬ್ಬರು ದಾನ ಕೊಟ್ಟ ಪದರವನ್ನು ಅಲ್ಲಿ ಕೂರಿಸಬೇಕು ಎಂದು ಡಾಕ್ಟರು ಹೇಳಿದ್ದು ನಮಗೆಲ್ಲ ಗೊತ್ತೇ ಇತ್ತು. ಗೊತ್ತಿದ್ದೂ ನಾವು ಅಪ್ಪ ಮಗ ಇಬ್ಬರೂ ನಾಳೆ ನಾಡಿದ್ದು ಎನ್ನುತ್ತಿದ್ದೆವು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಹೆಸರು ಬರೆಸಿದವಳು ನೀನು. ಫೋನ್ ಯಾವ ದಿನವಾದರೂ ಬರಬಹುದು, ಬಂದ ದಿನ ಮಧ್ಯಾಹ್ನದೊಳಗೆ ಬಂದು ಮಲಗಬೇಕು, ಬಾರದಿದ್ದರೆ ಆ ಕಣ್ಣು ಸರದಿಯಲ್ಲಿ ಮುಂದಿರುವವರಿಗೆ, ಎಂದು ಅವರು ಹೇಳಿದಾಗ ನೀನು ಬಸ್ಸಿನ ವೇಳಾಪಟ್ಟಿಯನ್ನು ನೋಡಿ ತಲೆ ಅಲ್ಲಾಡಿಸಿದೆ. ಅಷ್ಟು ದೂರದ ಊರಿಗೆ ಬೆಳಗಿನ ಬಸ್ಸು ತಪ್ಪಿದರೆ ಸಂಜೆಯದ್ದೇ ಗತಿ. ನಿನಗೆ ಹಡಗಿನ ಕರೆ ಬಂದಿತ್ತು, ನಿನ್ನ ಗಂಡನ ಡ್ಯೂಟಿ ಅವನ ಕೈಯಲ್ಲಿಲ್ಲ. ಉಳಿದವನು ನಾನು.

ತಲೆ ಪೂರ್ತಿ ನರೆತ ಮುದುಕನಿಗೆ ಕಾರು ಕಲಿಸುವ ಎದೆಗಾರಿಕೆ ನಿನಗೆ ಎಲ್ಲಿಂದ ಬಂತೋ. ರಜೆಯ ದಿನ ಖಾಲಿ ಬಿದ್ದ ಮಾರುಕಟ್ಟೆಯ ಅಂಗಳದಲ್ಲಿ ತರಕಾರಿ ಬುಟ್ಟಿಗಳನ್ನು ಸಾಲಾಗಿ ಇಟ್ಟು 'ಮಾವ, ಇವು ಬುಟ್ಟಿ ಅಲ್ಲ, ದಾಟ್ತಿರೋ ಜನ' ಎಂದೆ. ಮೊದಲ ದಿನ ನಾನು ಎಷ್ಟು ಜನರನ್ನು ಮುಗಿಸಿದೆನೋ ಲೆಕ್ಕವಿಲ್ಲ. ನೀನು ಒಂದು ಸಲವೂ ದನಿ ಏರಿಸಲಿಲ್ಲ. ನಿನ್ನ ಗಂಡನಿಗೆ ಸೈಕಲ್ ಕಲಿಸುವಾಗ ನಾನು ಬೀದಿ ಕೇಳುವ ಹಾಗೆ ಕೂಗಾಡಿದ್ದು ನೆನಪಾಗಿ ನಾಚಿಕೆಯಾಯಿತು. ಓಡಿಸುವುದು ಬಂದ ಮೇಲೆ ನೀನು ಬಾನೆಟ್ ಎತ್ತಿ ಎರಡನೇ ಪಾಠ ಶುರು ಮಾಡಿದೆ. 'ಮಾವ, ಕಾರಿನಲ್ಲಿ ಉಳಿದಿದ್ದೆಲ್ಲ ಕೆಡುವ ಮೊದಲು ಸದ್ದು ಮಾಡುತ್ತೆ. ಬ್ಯಾಟರಿ ಮಾತ್ರ ಮೆತ್ತಗೆ ಹೋಗಿಬಿಡುತ್ತೆ. ಇದನ್ನ ನೋಡಿಕೊಳ್ಳೋದು ನಿಮಗೆ ಬಿಟ್ಟಿದ್ದೀನಿ. ಬೇಸಿಗೆ ಇದನ್ನ ಕೊಲ್ಲುತ್ತೆ, ಚಳಿಗಾಲ ಬರೀ ಸುದ್ದಿ ತಿಳಿಸುತ್ತೆ.' ಈ ಮಾತನ್ನು ನಾನು ಸುಮಾರು ಜನರಿಗೆ ನನ್ನದೇ ಮಾತಿನಂತೆ ಹೇಳಿ ಮೆಚ್ಚುಗೆ ಪಡೆದಿದ್ದೇನೆ.

ಬೇಸಿಗೆಯಲ್ಲಿ ನಾನು ಒಳ್ಳೆಯ ವಿದ್ಯಾರ್ಥಿಯೇ ಆಗಿದ್ದೆ. ಕಾರನ್ನು ಗೋಡೆಯ ಕಡೆಯಿಂದ ಮರದ ನೆರಳಿಗೆ ತಂದೆ, ಹಕ್ಕಿಗಳು ಅದರ ಮೇಲೆ ಮಾಡಿದ್ದನ್ನು ಮಾತಾಡದೆ ತೊಳೆದೆ. ಬ್ಯಾಟರಿಯ ಮುಚ್ಚಳ ತಿರುಗಿಸಿ ಒಳಗಿನ ತಗಡುಗಳು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿದೆ, ಗುರುತಿಗಿಂತ ಒಂದು ಹನಿ ಮೇಲೆ ಹೋಗಲು ಬಿಡಲಿಲ್ಲ. ಮಳೆ ಶುರುವಾದ ಮೇಲೆ ವೈರು ಸಿಕ್ಕಿಸುವ ಟರ್ಮಿನಲ್ ಮೇಲೆ ನೀನು ಹೇಳಿದ್ದ ಹಾಗೆಯೇ ಬಿಳಿ ಹಸಿರು ಪುಡಿ ಕಟ್ಟಿತು. ಅದು ನನ್ನ ಕಸುಬಿನ ಕೆಲಸವೇ. ಮೊದಲು ಕಪ್ಪು ವೈರು ಬಿಚ್ಚಿ, ಆಮೇಲೆ ಕೆಂಪು ಬಿಚ್ಚಿ, ಬಿಸಿ ನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒಣಗಿಸಿ, ಕೆಂಪು ಮೊದಲು ಕಪ್ಪು ಕೊನೆಗೆ ಎಂದು ಹಾಕಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿದೆ. ವಾರಕ್ಕೊಮ್ಮೆ ಗಾಯಕ್ಕೆ ಡ್ರೆಸ್ಸಿಂಗ್ ಮಾಡುವವನ ಹಾಗೆ ಮಾಡುತ್ತಿದ್ದೆ. ನಿನ್ನ ಅತ್ತೆ ಬಾಗಿಲಲ್ಲಿ ಕೂತು 'ಮದುವೆಯಾದ ಹೊಸದರಲ್ಲೂ ನನ್ನನ್ನ ಇಷ್ಟು ಚೆನ್ನಾಗಿ ನೋಡಿಕೊಂಡಿರಲಿಲ್ಲ' ಎನ್ನುತ್ತಿದ್ದಳು. ವಾರಕ್ಕೊಮ್ಮೆ ಅರ್ಧ ಗಂಟೆಗೆ ಕಡಿಮೆಯಾಗದ ಹಾಗೆ ಓಡಿಸಿ ಎಂದು ನೀನು ಹೇಳಿದ್ದೆಯಲ್ಲ, ಅದನ್ನೂ ಆಗ ಪಾಲಿಸುತ್ತಿದ್ದೆ.

ಚಳಿ ಬಿದ್ದ ಮೇಲೆ ನನ್ನ ಬುದ್ಧಿ ಕೆಟ್ಟಿತು. ರಸ್ತೆಯಲ್ಲಿ ಬೆಳಗಿನ ಮಂಜು, ಮಂಡಿಯ ನೋವು, ಕಾರು ಓಡಿಸಲು ಸೋಮಾರಿತನ. ಜೊತೆಗೆ ಭಯ ಬೇರೆ: ಇವತ್ತೇ ಫೋನ್ ಬಂದರೆ, ಇವತ್ತೇ ಇದು ಏಳದಿದ್ದರೆ? ಹಾಗಾಗಿ ದಿನಾ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೋಗಿ ಕೀಲಿ ತಿರುಗಿಸಿ ಇಂಜಿನ್ ಎಬ್ಬಿಸುವುದು, ಗುರ್ ಎಂದ ಸದ್ದು ಕೇಳಿ ಸಮಾಧಾನಪಟ್ಟು ಆರಿಸುವುದು, ಒಳಗೆ ಬಂದು ಚಹಾ ಕುಡಿಯುವುದು ಎಂದು ರೂಢಿ ಮಾಡಿಕೊಂಡೆ. ವಾರ್ಡಿನಲ್ಲಿ ಬೆಳಗಿನ ರೌಂಡ್ಸ್ ಇರುತ್ತದಲ್ಲ, ಹಾಗೆ. ಸ್ವಲ್ಪ ದಿನದ ಮೇಲೆ ಸಂಜೆಯೂ ಒಂದು ರೌಂಡ್ಸ್ ಶುರುವಾಯಿತು. ಗೆಳೆಯರಿಗೆ ಹೆಮ್ಮೆಯಿಂದ ಹೇಳಿಕೊಂಡೆ, ನಮ್ಮ ಕಾರನ್ನು ದಿನಕ್ಕೆ ಎರಡು ಹೊತ್ತು ನೋಡುತ್ತೇನೆ ಎಂದು. ನಿನ್ನ ಅತ್ತೆ ಮಾತ್ರ ಒಂದು ದಿನ ಚಹಾ ಲೋಟ ಕೆಳಗಿಟ್ಟು 'ರೀ, ಅದು ಮೊದಲು ಎದ್ದು ನಿಲ್ತಿತ್ತು, ಈಗ ಎಳೆದುಕೊಂಡು ಏಳ್ತಿದೆ' ಎಂದಳು. ಕಣ್ಣು ಮಬ್ಬಾದ ಮೇಲೆ ಅವಳ ಕಿವಿ ಎಷ್ಟು ಚುರುಕಾಗಿದೆ ಎಂದು ನಿನಗೆ ಗೊತ್ತು. ಹಿತ್ತಲ ಗಿಡ ಮದ್ದಲ್ಲ ನೋಡು. 'ಚಳಿಗೆ ಯಾರಾದರೂ ಹಾಗೇ ಏಳೋದು' ಎಂದು ನಾನು ತಳ್ಳಿಹಾಕಿದೆ. ಮಾರನೆಯ ದಿನ ಬ್ಯಾಟರಿಗೆ ಒಂದು ಹಳೆಯ ಕಂಬಳಿಯನ್ನು ಹೊದಿಸಿ ಬಂದೆ, ಇಂಜಿನ್ ಎಬ್ಬಿಸುವ ಮೊದಲು ತೆಗೆದು ಆಮೇಲೆ ಹೊದಿಸುವುದು. ನಗಬೇಡ.

ಜನವರಿಯ ಒಂದು ಬೆಳಿಗ್ಗೆ, ಕಿಟಕಿ ಗಾಜಿನ ಮೇಲೆ ಹಿಮ ಹೆಪ್ಪುಗಟ್ಟಿದ್ದ ದಿನ, ನಾನು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾಗ ಫೋನ್ ಬಂತು. ಆಸ್ಪತ್ರೆಯ ಹೆಣ್ಣುಮಗಳು ಹೆಸರು ಕೇಳಿ ಖಚಿತ ಮಾಡಿಕೊಂಡು, ಕಣ್ಣು ಬಂದಿದೆ, ಮಧ್ಯಾಹ್ನದೊಳಗೆ ಬನ್ನಿ, ಬರೋದು ಆಗದಿದ್ದರೆ ಈಗಲೇ ಹೇಳಿ, ಬೇರೆಯವರು ಕಾಯ್ತಿದ್ದಾರೆ ಎಂದಳು. ಬರ್ತೀವಿ ಎಂದೆ. ನಿನ್ನ ಗಂಡ ರೈಲಿನ ಮೇಲಿದ್ದ. ನೀನು ಕಟ್ಟಿಟ್ಟಿದ್ದ ಚೀಲ ಬಾಗಿಲ ಹಿಂದೆ ಸಿದ್ಧವಿತ್ತು. ನಿನ್ನ ಅತ್ತೆ ಕೂದಲು ಬಾಚಿಕೊಂಡಳು. ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ನಾನು ಕೀಲಿ ತಿರುಗಿಸಿದೆ. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಟಕ್ ಎಂದು ಮೀಟರಿನ ದೀಪಗಳೂ ಮಂಕಾದವು. ಮೂರನೆಯ ಸಲ ಆ ಟಕ್ ಕೂಡ ಇಲ್ಲ. ಎಷ್ಟೋ ಸಾವುಗಳ ಪಕ್ಕದಲ್ಲಿ ನಿಂತವನು ನಾನು, ಕಾರಿನ ಮುಂದೆ ಅಳುವವನ ಹಾಗೆ ನಿಂತೆ. ಬೆಳಗಿನ ಬಸ್ಸು ಹೋಗಿಯಾಗಿತ್ತು. ಟ್ಯಾಕ್ಸಿಯವನಿಗೆ ಫೋನ್ ಮಾಡಿದರೆ ಯಾವುದೋ ಮದುವೆ ದಿಬ್ಬಣದ ಜೊತೆ ಊರು ಬಿಟ್ಟಿದ್ದ.

ಆಗ ಕಾರಿನೊಳಗಿಂದ ನಿನ್ನ ಅತ್ತೆ ನಿಧಾನವಾಗಿ ಇಳಿದಳು. ಇಳಿದು, ಕಾರಿನ ಮೈ ಸವರುತ್ತಾ ಹಿಂದಕ್ಕೆ ಹೋಗಿ 'ಡಿಕ್ಕಿ ತೆಗೀರಿ' ಎಂದಳು. ತೆಗೆದೆ. ಅವಳು ಕೈ ಹಾಕಿ ಮೂಲೆಯಿಂದ ನೀನು ಸುತ್ತಿಟ್ಟಿದ್ದ, ಒಂದು ಗಾಡಿಯ ಬ್ಯಾಟರಿಯಿಂದ ಇನ್ನೊಂದಕ್ಕೆ ಕರೆಂಟು ಕೊಡುವ ಜಂಪರ್ ಕೇಬಲ್ ಎತ್ತಿಕೊಂಡಳು. 'ಬೇಕರಿಯವರನ್ನ ಕರೀರಿ, ಅವರ ವ್ಯಾನಿನ ಮೂತಿ ನಮ್ಮ ಕಾರಿನ ಮೂತಿ ಎದುರಾಗಬೇಕು, ತಾಗಬಾರದು.' ಪಕ್ಕದ ಬೇಕರಿಯವನು ಬ್ರೆಡ್ ಹಂಚಲು ಹೊರಡುವುದರಲ್ಲಿದ್ದ, ಕೈಯ ಹಿಟ್ಟು ಕೂಡ ಒರೆಸದೆ ವ್ಯಾನು ತಂದು ನಿಲ್ಲಿಸಿದ. ಒಳ್ಳೆಯ ಮನುಷ್ಯ, ಆದರೆ ನನ್ನಷ್ಟೇ ಗೊತ್ತಿರುವವನು. ಯಾವುದು ಮೊದಲು ಎಂದು ಅವನೊಂದು ಹೇಳಿದ, ನಾನೊಂದು ಹೇಳಿದೆ. ನಿನ್ನ ಅತ್ತೆ ಕೇಬಲ್ಲಿನ ಹಿಡಿಗಳನ್ನು ಬೆರಳಿನಿಂದ ತಡವಿದಳು. ಪ್ರತಿಯೊಂದು ಹಿಡಿಯ ಬುಡದಲ್ಲೂ ದಾರ ಸುತ್ತಿ ಗಂಟು ಹಾಕಿತ್ತು, ಕೆಂಪಿಗೆ ಒಂದು ಗಂಟು, ಕಪ್ಪಿಗೆ ಎರಡು. ಅಂಥ ಗಂಟು ಈ ಊರಿನಲ್ಲಿ ಹಾಕುವವಳು ಇವಳೊಬ್ಬಳೇ. ನನಗೆ ಆಗ ಅರ್ಥವಾಯಿತು, ನೀನು ನನಗೆ ತಿಳಿಯದಂತೆ ಅವಳಿಗೂ ಒಂದು ಪಾಠ ಮಾಡಿ ಹೋಗಿದ್ದೀಯ ಎಂದು.

ಅವಳು ಒಂದೊಂದೇ ಹಿಡಿಯನ್ನು ನನ್ನ ಕೈಗೆ ಕೊಡುತ್ತಾ ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು. 'ಮೊದಲು ಕೆಂಪು, ಸತ್ತಿರೋದಕ್ಕೆ. ಆ ಕಡೆ ಕೆಂಪು, ಬದುಕಿರೋದಕ್ಕೆ. ಆಮೇಲೆ ಕಪ್ಪು, ಬದುಕಿರೋದಕ್ಕೆ.' ಅಲ್ಲಿಯವರೆಗೆ ನಾವು ಗಂಡಸರು ತಲೆಯಾಡಿಸುತ್ತಾ ಹಾಕಿದೆವು. ಉಳಿದ ಕಪ್ಪನ್ನು ನಾನು ನಮ್ಮ ಬ್ಯಾಟರಿಯ ಮೇಲೆ ಹಿಡಿಯಲು ಹೋದಾಗ ಅವಳಿಗೆ ಸದ್ದಿನಿಂದಲೇ ತಿಳಿಯಿತೋ ಏನೋ, ನನ್ನ ತೋಳು ಹಿಡಿದು 'ಅಲ್ಲ ಅಲ್ಲ, ಕೊನೇ ಕಪ್ಪು ಬಾಣಲೆಗೆ' ಎಂದಳು. ಬೇಕರಿಯವನು ನನ್ನ ಮುಖ ನೋಡಿದ. ಗಾಬರಿಗೆ ಇವಳ ತಲೆ ಕೆಟ್ಟಿತು ಎಂದು ನಾನೂ ಅಂದುಕೊಂಡೆ. 'ಬಾಣಲೆ ಕಣ್ರೀ, ಬಾಣಲೆ, ಬ್ಯಾಟರಿಯಿಂದ ದೂರ ಇರೋ ಬರೀ ಕಬ್ಬಿಣ, ಇಂಜಿನ್ನಿಂದು' ಎಂದು ಅವಳು ಕಾಲು ನೆಲಕ್ಕೆ ಒತ್ತಿ ಹೇಳಿದಳು. ಆಮೇಲೆ ದಾರಿಯಲ್ಲಿ ವಿವರಿಸಿದಳು: ನಾನು ಮಧ್ಯಾಹ್ನ ಗೊರಕೆ ಹೊಡೆಯುವಾಗ ನೀವಿಬ್ಬರೂ ಇದೇ ಮೇಜಿನ ಮೇಲೆ ಎರಡು ಬಿಸ್ಕತ್ತಿನ ಡಬ್ಬ ಇಟ್ಟು ಅವೇ ಎರಡು ಬ್ಯಾಟರಿ, ಕಬ್ಬಿಣದ ಬಾಣಲೆಯೇ ಇಂಜಿನ್ ಎಂದು ಮಾಡಿಕೊಂಡು ದಿನಾ ಅಭ್ಯಾಸ ಮಾಡಿದಿರಂತೆ. ಕೊನೆಯದನ್ನು ಬ್ಯಾಟರಿಯ ಮೇಲೇ ಹಾಕಿದರೆ ಕಿಡಿ ಹಾರಿ, ಬ್ಯಾಟರಿಯಿಂದ ಬರುವ ಗಾಳಿಗೆ ಹತ್ತಿಕೊಳ್ಳಬಹುದು ಎಂದು ನೀನು ಅವಳಿಗೆ ಕಾರಣವನ್ನೂ ಹೇಳಿಕೊಟ್ಟಿದ್ದೆಯಂತೆ. ಬಾಣಲೆಗೆ ಹಾಕಿದೆವು. ಸಣ್ಣಗೆ ಚಟ್ ಎಂದಿತು. ವ್ಯಾನಿನ ಇಂಜಿನ್ ಸ್ವಲ್ಪ ಹೊತ್ತು ಓಡಿದ ಮೇಲೆ ನಾನು ಕೀಲಿ ತಿರುಗಿಸಿದೆ, ನಮ್ಮದು ಎದ್ದಿತು. ಬೇಕರಿಯವನು 'ಅಮ್ಮಾ, ನೀವು ಗ್ಯಾರೇಜ್ ಇಡಿ' ಎಂದು ಅವಳ ಮಡಿಲಿಗೆ ಒಂದು ಬಿಸಿ ಬನ್ನು ಹಾಕಿದ.

ಮತ್ತೆ ಆಸ್ಪತ್ರೆಯ ಬಾಗಿಲವರೆಗೂ ಇಂಜಿನ್ ಆರಿಸಬಾರದು ಎಂಬುದೂ ಅವಳ ಅಪ್ಪಣೆಯೇ. ಹೀಟರ್ ಬೇಡ, ರೇಡಿಯೋ ಬೇಡ, ಕರೆಂಟು ಬ್ಯಾಟರಿಗೇ ಹೋಗಲಿ ಎಂದಳು. ಇಬ್ಬರೂ ಮೂಗು ಕೆಂಪಗೆ ಮಾಡಿಕೊಂಡು ಒಂದೇ ಶಾಲಿನಲ್ಲಿ ಕೂತೆವು. ಅರ್ಧ ದಾರಿಯಲ್ಲಿ ನನಗೆ ಶೌಚಾಲಯದ ಅವಸರ ಬಂತು. ಹೇಳಿದರೆ ನಿಲ್ಲಿಸಲು ಬಿಡುತ್ತಾಳೋ ಇಲ್ಲವೋ ಎಂದು ಬಾಯಿ ಮುಚ್ಚಿಕೊಂಡು ಓಡಿಸಿದೆ, ಅಷ್ಟು ನೆಟ್ಟಗೆ ನಾನು ಯಾವತ್ತೂ ಓಡಿಸಿಲ್ಲ. ಆಸ್ಪತ್ರೆಯ ಮುಂದೆ ನಿಲ್ಲಿಸಿದ ಮೇಲೂ ಆರಿಸಲು ಮನಸ್ಸು ಬರಲಿಲ್ಲ, ಆರಿಸಿದರೆ ಎಲ್ಲವೂ ಕೈತಪ್ಪಿ ಹೋಗುತ್ತದೆ ಎಂಬ ಹುಚ್ಚು ಭಯ. ಓಡುತ್ತಿರುವ ಕಾರನ್ನು ಕಾವಲಿನವನಿಗೆ ಒಪ್ಪಿಸಿ ಒಳಗೆ ಹೋದೆ. ಅವನು ಬೈದ, ಆದರೆ ಒಳಗೆ ಕೂತು ಕಾದ. ನಾವು ಹೊತ್ತಿಗೆ ಮುಂಚೆಯೇ ಮುಟ್ಟಿದ್ದೆವು.

ಕಣ್ಣು ಕೊಟ್ಟವರು ಯಾರು ಎಂದು ಆಸ್ಪತ್ರೆಯವರು ಹೇಳುವುದಿಲ್ಲ, ಕೇಳಲೂಬಾರದು, ಅದು ನನಗೆ ಗೊತ್ತಿರುವ ನಿಯಮ. ಆದರೂ ಆಪರೇಷನ್ ಕೋಣೆಯ ಹೊರಗೆ ಕೂತಾಗ ನನಗೆ ಬೇರೆ ಯೋಚನೆ ಬರಲಿಲ್ಲ. ಅದೇ ಬೆಳಿಗ್ಗೆ ಎಲ್ಲೋ ಒಂದು ಮನೆಯಲ್ಲಿ ಅಳುತ್ತಿದ್ದ ಜನ, ಅಳುವಿನ ಮಧ್ಯೆಯೇ ಒಂದು ಕಾಗದಕ್ಕೆ ಸಹಿ ಹಾಕಿದ್ದಾರೆ. ನಾನು ಕಾರು ಏಳಲಿಲ್ಲ ಎಂದು ಹಲುಬುತ್ತಿದ್ದ ಹೊತ್ತಿಗೆ ಅವರು ಅದನ್ನು ಮಾಡಿ ಮುಗಿಸಿದ್ದರು. ನಾವು ತಲುಪದೆ ಇದ್ದಿದ್ದರೆ ಅದು ಬೇರೆ ಯಾರಿಗೋ ಸೇರುತ್ತಿತ್ತು, ವ್ಯರ್ಥವಾಗುತ್ತಿರಲಿಲ್ಲ, ಅದೂ ನಿಜ. ಆ ಬೇರೆ ಯಾರೋ ಇನ್ನೂ ಫೋನಿನ ಪಕ್ಕ ಕೂತಿದ್ದಾರೆ. ಅವರ ಮನೆಗೂ ಫೋನ್ ಬೇಗ ಬರಲಿ ಎಂದು ನಾನೂ ನಿನ್ನ ಅತ್ತೆಯೂ ದಿನಾ ಒಂದು ಸಲ ಅಂದುಕೊಳ್ಳುತ್ತೇವೆ.

ಆಪರೇಷನ್ ಆದ ಮೇಲೆ ಬ್ಯಾಟರಿಯನ್ನು ಬಿಚ್ಚಿಕೊಂಡು ಅಂಗಡಿಗೆ ಒಯ್ದೆ. ಬ್ಯಾಟರಿಯವನು ಮೀಟರ್ ಇಟ್ಟು ನೋಡಿ, ಗಾಡಿ ದಿನಕ್ಕೆ ಎಷ್ಟು ಓಡಿಸ್ತೀರಿ ಎಂದ. ಓಡಿಸೋದಿಲ್ಲ, ಬೆಳಿಗ್ಗೆ ಸಂಜೆ ಎಬ್ಬಿಸಿ ಮತ್ತೆ ಮಲಗಿಸ್ತೀನಿ ಎಂದೆ. ಅವನು ಮೀಟರ್ ಕೆಳಗಿಟ್ಟು ನಕ್ಕ. 'ಯಜಮಾನ್ರೇ, ಎಬ್ಬಿಸೋವಾಗಲೇ ಇದರ ಶಕ್ತಿ ಹೋಗೋದು. ಅದು ವಾಪಸ್ ಬರಬೇಕು ಅಂದ್ರೆ ಅರ್ಧ ಗಂಟೆ ಓಡಬೇಕು. ನೀವು ತೆಗೆದುಕೊಳ್ತಾ ಇದ್ರಿ, ಕೊಡ್ತಾ ಇರಲಿಲ್ಲ.' ಬೇಸಿಗೆಯ ಕಾವಿಗೆ ಸ್ವಲ್ಪ ಸೊರಗಿದ್ದ ಬ್ಯಾಟರಿಯನ್ನು ಚಳಿಯಲ್ಲಿ ನಾನು ದಿನಾ ಎರಡು ಸಲ ಎಬ್ಬಿಸಿ ಎಬ್ಬಿಸಿ ಸುಸ್ತು ಮಾಡಿದ್ದೆ. ವಾರ್ಡಿನಲ್ಲಿ ನಮ್ಮದೊಂದು ಹಳೆಯ ತಮಾಷೆಯಿತ್ತು, ನಿದ್ದೆ ಮಾತ್ರೆ ಕೊಡಲು ರೋಗಿಯನ್ನು ನಿದ್ದೆಯಿಂದ ಎಬ್ಬಿಸುವ ನರ್ಸಿನ ಬಗ್ಗೆ. ಆ ನರ್ಸು ನಾನೇ. ಅತಿಯಾದರೆ ಅಮೃತವೂ ವಿಷ ಎಂದು ನಿನ್ನ ಅತ್ತೆ ನನಗೆ ದಿನಕ್ಕೆ ಎರಡು ಸಲ ಹೇಳುತ್ತಾಳೆ, ಬೆಳಿಗ್ಗೆ ಒಂದು ರೌಂಡ್ಸ್, ಸಂಜೆ ಒಂದು ರೌಂಡ್ಸ್. ಬ್ಯಾಟರಿಯವನು ಒಂದು ಹಗಲು ಒಂದು ರಾತ್ರಿ ಚಾರ್ಜಿಗೆ ಹಾಕಿ, ಇನ್ನೂ ಜೀವ ಗಟ್ಟಿಯಿದೆ, ಮುಂದಿನ ಚಳಿಗೆ ಮೊದಲು ಒಮ್ಮೆ ತಂದು ತೋರಿಸಿ ಎಂದು ಕಳಿಸಿದ. ಹೊಸದು ಬೇಕಿಲ್ಲ.

ಈಗ ರೌಂಡ್ಸ್ ನಿಂತಿದೆ. ಭಾನುವಾರ ಭಾನುವಾರ ನಾವಿಬ್ಬರೂ ನದಿಯ ಸೇತುವೆ ದಾಟಿ, ಗೋದಾಮುಗಳ ಸಾಲು ದಾಟಿ, ಸುತ್ತು ಹೊಡೆದು ಅರ್ಧ ಗಂಟೆಗೆ ಮೇಲೆಯೇ ಓಡಿಸಿಕೊಂಡು ಬರುತ್ತೇವೆ. ಹೊಸ ಕಣ್ಣು ಒಂದೇ ದಿನಕ್ಕೆ ಕಾಣುವುದಿಲ್ಲ ಮಗಳೇ, ಇದನ್ನು ನಿನ್ನ ಗಂಡ ನಿನಗೆ ಹೇಳಿರಲಾರ. ಪಟ್ಟಿ ಬಿಚ್ಚಿದ ದಿನ ಅವಳಿಗೆ ಹಾಲಿನೊಳಗಿಂದ ನೋಡಿದ ಹಾಗೆ ಕಂಡಿತಂತೆ. ತಿಂಗಳುಗಟ್ಟಲೆ ನಿಧಾನವಾಗಿ ತಿಳಿಯಾಗುತ್ತದೆ, ಎಷ್ಟು ಆಗುತ್ತದೆ ಎಂದು ಈಗಲೇ ಹೇಳಲಾಗದು ಎಂದರು ಡಾಕ್ಟರು. ನಾನು ಅವಳೆದುರು ನಗುತ್ತಿದ್ದರೂ ಒಳಗೊಳಗೆ ಹೆದರಿದ್ದೆ. ಮೊದಲ ಭಾನುವಾರ ಅವಳು ಸೇತುವೆಯ ಮೇಲೆ 'ಬೆಳಕು ಜಾಸ್ತಿ ಆಯ್ತು, ನೀರಾ?' ಎಂದಳು. ಮುಂದಿನ ವಾರ ಎದುರಿನ ಲಾರಿ ಹಳದಿ ಎಂದಳು. ಅದರ ಮುಂದಿನ ವಾರ ಯಾರದೋ ಮಹಡಿಯ ಮೇಲೆ ಒಣಗುತ್ತಿದ್ದ ಅಂಗಿಯ ತೋಳಿನ ಹೊಲಿಗೆ ಸೊಟ್ಟ ಎಂದಳು, ಅಷ್ಟು ದೂರದಿಂದ. ಹೋದ ವಾರ ಗೋದಾಮಿನ ಬೋರ್ಡನ್ನು ಅಕ್ಷರ ಅಕ್ಷರ ಕೂಡಿಸಿ ಓದಿ ಮುಗಿಸಿದಳು. ನಾನು ಗಾಡಿ ಪಕ್ಕಕ್ಕೆ ಹಾಕಿ, ಇಂಜಿನ್ ಆರಿಸದೆಯೇ, ಸ್ವಲ್ಪ ಹೊತ್ತು ಅತ್ತುಬಿಟ್ಟೆ. ಅವಳು ನನ್ನನ್ನು ದಿಟ್ಟಿಸಿ ನೋಡಿ 'ನಿಮ್ಮ ಮೀಸೆ ಇಷ್ಟು ಬೆಳ್ಳಗಾಗಿದೆ ಅಂತ ಯಾರೂ ನನಗೆ ಹೇಳಲೇ ಇಲ್ಲ' ಎಂದಳು. ಇನ್ನೊಂದು ತೊಂದರೆ ಏನೆಂದರೆ, ನಾನು ಹೇಗೆ ಓಡಿಸುತ್ತೇನೆ ಎಂಬುದೂ ಈಗ ಅವಳಿಗೆ ಕಾಣುತ್ತದೆ. ಇಷ್ಟು ದಿನ ಹೀಗೇ ಓಡಿಸ್ತಿದ್ರಾ ಎಂದು ಕೇಳಿ ಸೀಟಿನ ಅಂಚು ಹಿಡಿದು ಕೂರುತ್ತಾಳೆ.

ಇಷ್ಟೆಲ್ಲ ಬರೆದೂ ಹೇಳಬೇಕಾದ್ದನ್ನು ಹೇಳಿಲ್ಲ. ಹೆಸರು ಬರೆಸಿದ್ದಕ್ಕೆ, ನನಗೆ ಕಾರು ಕಲಿಸಿದ್ದಕ್ಕೆ ನಾನು ನಿನಗೆ ಋಣಿ, ಅದು ಸರಿಯೇ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಆ ಬಿಸ್ಕತ್ತಿನ ಡಬ್ಬಗಳು. ಅವಳಿಗೆ ಕಣ್ಣು ಹೋದ ಮೇಲೆ ನಾವೆಲ್ಲ ಅವಳ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಂಡೆವು, ಪ್ರೀತಿಯಿಂದಲೇ. ಕೂತಿರು, ನಾನು ತರ್ತೀನಿ. ಮುಟ್ಟಬೇಡ, ಬಿಸಿ ಇದೆ. ನೀನೊಬ್ಬಳೇ ಅವಳಿಗೆ ಕೆಲಸ ಕೊಟ್ಟೆ, ಅದೂ ಎಲ್ಲವೂ ಕೈಕೊಟ್ಟಾಗ ಉಳಿಯುವ ಕೊನೆಯ ಕೆಲಸ. ಆ ಬೆಳಿಗ್ಗೆ ಅಂಗಳದಲ್ಲಿ ಗಂಡಸರಿಬ್ಬರಿಗೆ ಅಪ್ಪಣೆ ಕೊಡುತ್ತಿದ್ದಾಗ ಅವಳಿಗೆ ಇನ್ನೂ ಏನೂ ಕಾಣುತ್ತಿರಲಿಲ್ಲ, ಆದರೆ ಅವಳ ಮುಖ ಹೊಲಿಗೆ ಯಂತ್ರದ ಮುಂದೆ ಕೂತಾಗ ಇರುತ್ತಿದ್ದ ಹಾಗೆ ಇತ್ತು. ಅದನ್ನು ನನಗೆ ವಾಪಸ್ ತಂದುಕೊಟ್ಟವಳು ನೀನು. ಮಗಳಿಲ್ಲದ ಮನೆ ಎಂದು ನಾನು ಯಾವತ್ತೋ ಕೊರಗಿದ್ದೆ, ಆ ಕೊರಗು ಈಗ ಇಲ್ಲ.

ಒಂದು ದೂರೂ ಇದೆ. ಪಟ್ಟಿ ಬಿಚ್ಚಿ ನಾಲ್ಕು ದಿನಕ್ಕೇ ನಾನು ಗೋಡೆಯ ಮೇಲಿದ್ದ ನಿಮ್ಮ ಮದುವೆಯ ಫೋಟೋ ತಂದು ಅವಳ ಮುಂದೆ ಹಿಡಿಯಲು ಹೋದೆ. ಅವಳು ಕಣ್ಣು ಮುಚ್ಚಿಕೊಂಡುಬಿಟ್ಟಳು. 'ಒಳಗಿಡಿ. ನನ್ನ ಸೊಸೆಯನ್ನ ನಾನು ಮೊದಲ ಸಲ ಕಾಗದದಲ್ಲಿ ನೋಡೋದಿಲ್ಲ.' ಆಗಿನಿಂದ ಆ ಫೋಟೋ ಬೀರುವಿನೊಳಗೆ ಬಟ್ಟೆಗಳ ಕೆಳಗಿದೆ. ನಿನ್ನ ಗಂಡ ನಿನ್ನ ಚಿತ್ರವಿರುವ ತನ್ನ ಮೊಬೈಲನ್ನು ಕೂಡ ಬೋರಲು ಹಾಕಿಡುವ ಹಾಗೆ ಆಗಿದೆ. ಮುಂದಿನ ತಿಂಗಳು ನೀನು ಹಡಗು ಇಳಿದು ವಿಮಾನ ಹತ್ತುತ್ತೀಯಂತೆ, ತಾರೀಖು ಖಚಿತವಾದ ಕೂಡಲೇ ತಿಳಿಸು. ವಿಮಾನ ನಿಲ್ದಾಣದವರೆಗೆ ನಾನೇ ಓಡಿಸಿಕೊಂಡು ಬರುವುದು ಎಂದು ತೀರ್ಮಾನವಾಗಿದೆ. ಅಷ್ಟು ದೂರ ಓಡಿದರೆ ಬ್ಯಾಟರಿಗೂ ಒಳ್ಳೆಯದು.

ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆ ಕೈಯಲ್ಲಿ ಕರೆಂಟು ಮುಟ್ಟಬೇಡ ಎಂದು ನಿನಗೆ ಹೇಳಿದರೆ ನೀನು ನಗುತ್ತೀಯ, ಆದರೂ ಹೇಳುತ್ತೇನೆ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಈ ಮುದುಕನ ನಮಸ್ಕಾರ. ನಿನಗೆ ಆಯುಸ್ಸು, ಆರೋಗ್ಯ, ಅಲೆಯಿಲ್ಲದ ಸಮುದ್ರ ಸಿಗಲಿ.

ಇತಿ,
ನಿನ್ನ ವಿದ್ಯಾರ್ಥಿ ಮತ್ತು ಮಾವ

ವಿ.ಸೂ.: ಲಕೋಟೆ ಅಂಟಿಸುವ ಮೊದಲೇ ನಿನ್ನ ಅತ್ತೆ ಪೆನ್ನು ಕಿತ್ತುಕೊಂಡಳು. ಕೆಳಗಿನದು ಅವಳದ್ದು, ನಾನು ಮುಟ್ಟಿಲ್ಲ.

ಕರೆಂಟು, ನಾನು ನಿನ್ನ ಅತ್ತೆ. ನಾನೇ ಬರೀತಿದ್ದೀನಿ. ಸಾಲು ಸೊಟ್ಟ ಹೋಗ್ತಿದೆ, ಹೊಲಿಗೆಯಾಗಿದ್ದರೆ ಬಿಚ್ಚಿ ಹಾಕ್ತಿದ್ದೆ. ಬೇಗ ಬೇಗ ಹೇಳಿಬಿಡ್ತೀನಿ, ಕಣ್ಣು ನೀರಾಡುತ್ತೆ. ವಿಮಾನ ಇಳಿದು ಹೊರಗೆ ಬರೋವಾಗ ನೀನು ಕೈ ಎತ್ತಬೇಡ. ಅತ್ತೆ ಅಂತ ಕೂಗಬೇಡ, ನಗಲೂ ಬೇಡ. ಎಲ್ಲರ ಜೊತೆ ಸುಮ್ಮನೆ ನಡೆದು ಬಾ. ಇವರಿಗೂ ಮಗನಿಗೂ ಬಾಯಿ ಬಿಡಬಾರದು ಅಂತ ಹೇಳಿದ್ದೀನಿ. ಅಷ್ಟು ಜನರಲ್ಲಿ ನಿನ್ನನ್ನ ನಾನೇ ಹುಡುಕಬೇಕು. ಬೇರೆ ಯಾರನ್ನೋ ತಬ್ಬಿಕೊಂಡರೆ ಬೇಜಾರು ಮಾಡಿಕೋಬೇಡ, ಅಲ್ಲೇ ನಿಂತಿರು, ನಿನ್ನ ಹತ್ರ ಬರ್ತೀನಿ.